ಪಿಟಿಒ ಬೀಳುತ್ತಿಲ್ಲವೇ? ಗಾಡಿ ಬಿಚ್ಚಿಸುವ ಮೊದಲು ಪೆಡಲ್ ಕೆಳಗೆ ನೋಡಿ

ಪ್ರಶ್ನೆ: ನನ್ನದು 45 ಎಚ್‌ಪಿ ಟ್ರ್ಯಾಕ್ಟರ್, ಡ್ಯುಯಲ್ ಕ್ಲಚ್. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೆಕ್ಕೆಜೋಳ ಮುರಿದ ಮೇಲೆ ರೋಟಾವೇಟರ್ ಬಿಚ್ಚಿಟ್ಟು, ಇಷ್ಟು ದಿನ ಬರೀ ಟ್ರೈಲರ್ ಎಳೆಯಲು ಓಡಿಸಿದ್ದೇನೆ. ಈಗ ಮಳೆ ಬಿದ್ದಿದೆ. ಆರಡಿ ರೋಟಾವೇಟರ್ ಜೋಡಿಸಿ ಪಿಟಿಒ (ಹಿಂದೆ ಜೋಡಿಸಿದ ಯಂತ್ರವನ್ನು ಇಂಜಿನ್ ಬಲದಿಂದ ತಿರುಗಿಸುವ ಶಾಫ್ಟ್) ಲಿವರ್ ಹಾಕಲು ಹೋದರೆ ಕರಕರ ಸದ್ದು ಬರುತ್ತದೆ, ಲಿವರ್ ಬೀಳುವುದೇ ಇಲ್ಲ. ಇಂಜಿನ್ ಆಫ್ ಮಾಡಿ ಹಾಕಿದರೆ ಸಲೀಸಾಗಿ ಬೀಳುತ್ತದೆ. ಆಮೇಲೆ ಸ್ಟಾರ್ಟ್ ಮಾಡಿದರೆ ರೋಟಾವೇಟರ್ ಮಣ್ಣಲ್ಲೂ ಚೆನ್ನಾಗಿಯೇ ತಿರುಗುತ್ತದೆ. ಓಡಿಸುವ ಗೇರ್‌ಗಳಿಗೆ ಏನೂ ತೊಂದರೆ ಇಲ್ಲ. ಮೆಕ್ಯಾನಿಕ್ ಮಾತ್ರ ‘ಪ್ಲೇಟ್ ಸವೆದಿದೆ, ಗಾಡಿ ಎರಡು ಭಾಗ ಮಾಡಿ ಕ್ಲಚ್ ಸೆಟ್ ಪೂರ್ತಿ ಬದಲಾಯಿಸಬೇಕು’ ಅಂತಾರೆ. ಬಿತ್ತನೆ ಹತ್ತಿರ ಬಂತು. ಬೇರೆ ದಾರಿ ಇಲ್ಲವೇ?
ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ರೈತರು

ಉತ್ತರ:

ಕ್ಲಚ್ ಸೆಟ್ ಬದಲಾಯಿಸುವುದನ್ನು ಸದ್ಯಕ್ಕೆ ತಡೆಯಿರಿ. ನೀವು ಬರೆದಿರುವ ಲಕ್ಷಣಗಳನ್ನೇ ಇಟ್ಟುಕೊಂಡು ನೋಡಿದರೆ ‘ಪ್ಲೇಟ್ ಸವೆದಿದೆ’ ಎನ್ನುವ ಮಾತು ತಾಳೆ ಆಗುತ್ತಿಲ್ಲ.

ಇಂಜಿನ್ ಆಫ್ ಇದ್ದಾಗ ಲಿವರ್ ಸಲೀಸಾಗಿ ಬೀಳುತ್ತದೆ ಅಂದಿರಿ. ಹಾಗಾದರೆ ಲಿವರ್, ಅದರ ರಾಡು, ಹಲ್ಲನ್ನು ಸರಿಸುವ ಒಳಗಿನ ಫೋರ್ಕ್ ಎಲ್ಲ ಸರಿಯಾಗಿವೆ. ಡ್ಯುಯಲ್ ಕ್ಲಚ್‌ನಲ್ಲಿ ಗೇರಿಗೊಂದು, ಪಿಟಿಒಗೊಂದು ಪ್ಲೇಟ್ ಇರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ರೋಟಾವೇಟರ್ ಮಣ್ಣಲ್ಲೂ ಚೆನ್ನಾಗಿ ತಿರುಗುತ್ತದೆ ಅಂದಿರಿ. ಹಾಗಾದರೆ ಪಿಟಿಒ ಪ್ಲೇಟ್ ಜಾರುತ್ತಿಲ್ಲ, ಹಲ್ಲುಗಳೂ ಕಚ್ಚುತ್ತಿವೆ. ಓಡಿಸುವ ಗೇರ್‌ಗಳೂ ಸುಮ್ಮನೆ ಬೀಳುತ್ತವೆ, ಅಂದರೆ ಪೆಡಲ್ ಒತ್ತಿದಾಗ ಮುಖ್ಯ ಕ್ಲಚ್ ಬಿಡುತ್ತಿದೆ, ಇಂಜಿನ್‌ನಿಂದ ಕಳಚಿಕೊಳ್ಳುತ್ತಿದೆ. ಇನ್ನು ಉಳಿಯುವುದು ಒಂದೇ. ನೀವು ಪೆಡಲ್ ಒತ್ತಿದಾಗ ಪಿಟಿಒ ಪ್ಲೇಟ್ ಮಾತ್ರ ಪೂರ್ತಿ ಬಿಡುತ್ತಿಲ್ಲ. ತಿರುಗುತ್ತಿರುವ ಹಲ್ಲಿಗೆ ನಿಂತಿರುವ ಹಲ್ಲನ್ನು ಕೂಡಿಸಲು ಹೋದರೆ ಕರಕರ ಅನ್ನದೆ ಇನ್ನೇನಾದೀತು?

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಸವೆದ ಪ್ಲೇಟ್ ಜಾರುತ್ತದೆ, ಅಂಟಿಕೊಳ್ಳುವುದಿಲ್ಲ. ಪ್ಲೇಟ್ ಸವೆದಿದ್ದರೆ ಲಿವರ್ ಸುಖವಾಗಿ ಬಿದ್ದು, ರೋಟಾವೇಟರ್ ಮಣ್ಣಿಗೆ ಇಳಿಯುತ್ತಿದ್ದಂತೆ ನಿಲ್ಲಬೇಕಿತ್ತು, ಸುಟ್ಟ ವಾಸನೆ ಬರಬೇಕಿತ್ತು. ನಿಮ್ಮ ತೊಂದರೆ ಅದಕ್ಕೆ ಪೂರ್ತಿ ಉಲ್ಟಾ. ಎರಡಕ್ಕೂ ‘ಕ್ಲಚ್ ಹೋಗಿದೆ’ ಅಂತ ಒಂದೇ ಮಾತು ಹೇಳುವುದು ನಮ್ಮ ಕಡೆ ರೂಢಿ. ಅಲ್ಲೇ ದುಡ್ಡು ಸುಮ್ನೆ ಖರ್ಚಾಗುವುದು. ಪ್ಲೇಟ್ ಬಿರುಕು ಬಿಟ್ಟು ಅದರ ತುಂಡು ನಡುವೆ ಸಿಕ್ಕಿಕೊಂಡರೆ, ಇಲ್ಲವೇ ಪ್ಲೇಟ್ ಬಾಗಿದ್ದರೆ ಅದೂ ಬಿಡುವುದಿಲ್ಲ, ನಿಜ. ಆದರೆ ಅದು ಕೊನೆಗೆ ಅನುಮಾನಿಸಬೇಕಾದ ಕಾರಣ.

ಪೆಡಲ್‌ಗೆ ಬರುವ ಮೊದಲು ಇನ್ನೊಂದು ಮಾತು. ಇಂಜಿನ್ ಆಫ್ ಮಾಡಿ ಲಿವರ್ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿ ಕೆಲಸ ಮಾಡುವುದನ್ನು ಇವತ್ತೇ ಬಿಡಿ. ಹಾಗೆ ಮಾಡಿದಾಗ ಇಂಜಿನ್ ಹತ್ತಿದ ಗಳಿಗೆಯಲ್ಲೇ ರೋಟಾವೇಟರ್ ಬ್ಲೇಡು ತಿರುಗಲು ಶುರು. ಅದಕ್ಕಿಂತ ದೊಡ್ಡ ಅಪಾಯ ಏನಂದರೆ, ಕ್ಲಚ್ ಪೂರ್ತಿ ಒತ್ತಿದರೂ ಅದು ನಿಲ್ಲುವುದಿಲ್ಲ. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಆರು ಹಲ್ಲಿನ ಆ ಶಾಫ್ಟ್ 35 ಮಿಲಿಮೀಟರ್ ದಪ್ಪ, ಸುತ್ತಳತೆ 11 ಸೆಂಟಿಮೀಟರ್. ಲೆಕ್ಕ ಹಾಕಿ: ಟವೆಲ್ಲಿನ ತುದಿಯೋ ಲುಂಗಿಯ ಸೆರಗೋ ಸಿಕ್ಕಿದರೆ ಒಂದು ಸೆಕೆಂಡಿಗೆ ಸುಮಾರು ಒಂದು ಮೀಟರ್ ಬಟ್ಟೆ ಒಳಗೆ. ಕೈ ಎಳೆದುಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಟ್ರ್ಯಾಕ್ಟರ್ ಹಿಂದೆ ನಿಲ್ಲುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು.

ಈಗ ಡ್ಯುಯಲ್ ಕ್ಲಚ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಇದು ಗೊತ್ತಾದರೆ ಪರೀಕ್ಷೆ ತಾನೇ ಹೊಳೆಯುತ್ತದೆ. 1918ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಪಿಟಿಒ ಇರುವ ಟ್ರ್ಯಾಕ್ಟರ್ ಮಾರಲು ಶುರು ಮಾಡಿದ ಕಾಲದಿಂದ ಬಹಳ ವರ್ಷ ಒಂದು ತಲೆನೋವು ಇತ್ತು. ಟ್ರ್ಯಾಕ್ಟರ್ ನಿಲ್ಲಿಸಲು ಕ್ಲಚ್ ಒತ್ತಿದರೆ ಹಿಂದಿನ ಯಂತ್ರವೂ ನಿಲ್ಲುತ್ತಿತ್ತು. ಯಂತ್ರದೊಳಗೆ ಬೆಳೆ ಕಟ್ಟಿಕೊಂಡಾಗ ಅದು ಬಿಡಿಸಿಕೊಳ್ಳುವ ತನಕ ಗಾಡಿ ನಿಲ್ಲಬೇಕು, ಯಂತ್ರ ಓಡುತ್ತಲೇ ಇರಬೇಕು, ಅಲ್ವಾ? 1940ರ ದಶಕದ ಕೊನೆಯಲ್ಲಿ ಕೆನಡಾದ ಕಾಕ್‌ಶಟ್ ಕಂಪನಿಯ 30 ಮಾದರಿಯಂಥ ಟ್ರ್ಯಾಕ್ಟರ್‌ಗಳು ಗಾಡಿ ನಿಂತರೂ ಓಡುವ ಪಿಟಿಒ ತಂದವು. ಅದೇ ಅನುಕೂಲವನ್ನು ಕಡಿಮೆ ಖರ್ಚಿನಲ್ಲಿ ಕೊಡುವುದು ಡ್ಯುಯಲ್ ಕ್ಲಚ್. ಒಂದು ಕ್ಲಚ್ ಕವರ್ ಒಳಗೆ ಎರಡು ಪ್ಲೇಟ್. ಪೆಡಲ್‌ನ ಮೊದಲ ಅರ್ಧ ಒತ್ತಿದರೆ ಗೇರಿನ ಪ್ಲೇಟ್ ಬಿಡುತ್ತದೆ, ಗಾಡಿ ನಿಲ್ಲುತ್ತದೆ. ಅಲ್ಲಿ ಪೆಡಲ್ ಸ್ವಲ್ಪ ಗಟ್ಟಿ ಅನಿಸುತ್ತದೆ. ಅದನ್ನೂ ದಾಟಿ ನೆಲಕ್ಕೆ ಒತ್ತಿದರೆ ಪಿಟಿಒ ಪ್ಲೇಟ್ ಬಿಡುತ್ತದೆ.

ಈ ಕೊನೆಯ ಒಂದೆರಡು ಇಂಚಿನಲ್ಲೇ ನಿಮ್ಮ ಕಥೆ ಎಲ್ಲ ಇದೆ. ಪೆಡಲ್ ಅಷ್ಟು ದೂರ ಹೋಗುತ್ತಿಲ್ಲ, ಇಲ್ಲವೇ ಹೋದರೂ ಆ ಚಲನೆ ಪ್ಲೇಟ್ ತನಕ ತಲುಪುತ್ತಿಲ್ಲ, ಇಲ್ಲವೇ ತಲುಪಿದರೂ ಪ್ಲೇಟ್ ಅಂಟಿಕೊಂಡು ಕೂತಿದೆ. ಇದೇ ಸಾಲಿನಲ್ಲಿ ನೋಡುತ್ತಾ ಹೋಗಿ. ಮೊದಲಿನದಕ್ಕೆ ಕಾಸೂ ಖರ್ಚಿಲ್ಲ.

ಪೆಡಲ್ ಕೆಳಗೆ ನೋಡಿ. ಹಳೆ ಗಾಡಿ ತಗೊಂಡವರು ಮೊದಲು ಮಾಡುವ ಅಲಂಕಾರ ದಪ್ಪ ರಬ್ಬರ್ ಮ್ಯಾಟ್. ಅದು ಪೆಡಲ್ ಕೆಳಗೆ ಮಡಚಿ ಕೂತಿದ್ದರೆ ಪೆಡಲ್ ಮುಕ್ಕಾಲು ಇಂಚು ಮೊದಲೇ ನಿಂತುಬಿಡುತ್ತದೆ. ಗೇರ್ ಬೀಳಲು ಅಷ್ಟು ಸಾಕು, ಪಿಟಿಒಗೆ ಸಾಲದು. ಗದ್ದೆ ಕೆಲಸ ಮಾಡಿದ ಗಾಡಿ ಆಗಿದ್ದರೆ ಪೆಡಲ್ ತೋಳಿನ ಹಿಂದೆ, ಪ್ಲಾಟ್‌ಫಾರ್ಮ್ ಸಂದಿಯಲ್ಲಿ ಒಣಗಿದ ಕೆಸರು ಇಟ್ಟಿಗೆಯಷ್ಟು ಗಟ್ಟಿಯಾಗಿ ಕೂತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಕೆದಕಿ ತೆಗೆಯಿರಿ. ಪೆಡಲ್ ತೋಳು ಬಾಗಿದೆಯೇ, ಪೆಡಲನ್ನು ತಡೆಯುವ ಸ್ಟಾಪರ್ ಬೋಲ್ಟನ್ನು ಯಾರಾದರೂ ಹೊರಗೆ ಎಳೆದಿದ್ದಾರೆಯೇ ಅಂತ ಕೂಡ ನೋಡಿ. ಮ್ಯಾಟ್ ತೆಗೆದು, ಸೀಟಿನ ಮೇಲೆ ಸರಿಯಾಗಿ ಕೂತು, ಕಾಲನ್ನು ನೇರ ಚಾಚಿ ಪೆಡಲ್ ಕೊನೆ ಮುಟ್ಟುವ ತನಕ ಒತ್ತಿ. ಕುಳ್ಳಗಿರುವ ಡ್ರೈವರ್ ಇದ್ದು ಸೀಟು ಹಿಂದಕ್ಕೆ ಸರಿಸಿಟ್ಟಿದ್ದರೆ, ಅವರ ಕಾಲು ಕೊನೆಯ ಇಂಚನ್ನು ಮುಟ್ಟುವುದೇ ಇಲ್ಲ. ಇದು ತಮಾಷೆ ಅನಿಸಬಹುದು, ಆದರೆ ಗಾಡಿಗಿಂತ ಸೀಟು ಸರಿಪಡಿಸಿದ್ದೇ ರಿಪೇರಿಯಾದ ಕೇಸುಗಳಿವೆ.

ಮುಂದಿನದು ಪೆಡಲ್‌ನ ಖಾಲಿ ಆಟ, ಫ್ರೀ ಪ್ಲೇ ಅಂತೀವಲ್ಲ ಅದು. ಇಂಜಿನ್ ಆಫ್ ಮಾಡಿ. ಒಂದು ಸ್ಕೇಲನ್ನು ಪೆಡಲ್ ಪಕ್ಕ ನೆಟ್ಟಗೆ ಹಿಡಿದು, ಬೆರಳಿನಿಂದ ಪೆಡಲ್ ಒತ್ತಿ. ಮೊದಲಿಗೆ ಬರೀ ಹಗುರವಾಗಿ ಇಳಿಯುತ್ತದೆ. ಆಮೇಲೆ ಸ್ಪ್ರಿಂಗಿನ ಬಿಗಿ ಕೈಗೆ ಸಿಗುತ್ತದೆ. ಹಗುರವಾಗಿ ಇಳಿದ ಆ ದೂರವೇ ಖಾಲಿ ಆಟ. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಇದು 20 ರಿಂದ 30 ಮಿಲಿಮೀಟರ್ ಒಳಗೆ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿರುವುದೇ ಅಂತಿಮ. ಪುಸ್ತಕ ಕಳೆದಿದ್ದರೆ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಮಾದರಿ ಹೇಳಿ ಕೇಳಿ, ಹೇಳುತ್ತಾರೆ. ನಿಮ್ಮದು 45 ಅಥವಾ 50 ಬಂದರೆ ಕಳ್ಳ ಸಿಕ್ಕಿದ ಅಂತಲೇ ತಿಳಿಯಿರಿ. ಪೆಡಲ್‌ನ ಒಟ್ಟು ಓಟದಲ್ಲಿ ಆಟಕ್ಕೆ ಹೋದಷ್ಟು ಕೊನೆಗೆ ಕಡಿಮೆಯಾಗುತ್ತದೆ. ಕಡಿಮೆಯಾಗುವುದು ಮೊದಲು ಪಿಟಿಒ ಭಾಗವೇ.

ಒಂದು ಸಣ್ಣ ಸೂಕ್ಷ್ಮ ಇದೆ. ಪ್ಲೇಟ್ ಸವೆದಂತೆ ಖಾಲಿ ಆಟ ಕಡಿಮೆ ಆಗುತ್ತದೆ, ಜಾಸ್ತಿ ಆಗುವುದಿಲ್ಲ. ಪ್ಲೇಟ್ ತೆಳುವಾದಾಗ ಕ್ಲಚ್ಚಿನ ಫಿಂಗರ್‌ಗಳು (ಪ್ಲೇಟ್ ಬಿಡಿಸುವ ಸಣ್ಣ ತೋಳುಗಳು), ಅವನ್ನು ಒತ್ತುವ ರಿಲೀಸ್ ಬೇರಿಂಗ್ ಕಡೆಗೆ ಸರಿಯುತ್ತವೆ, ಅದಕ್ಕೆ. ಹಾಗಾಗಿ ಆಟ ಜಾಸ್ತಿ ಬಂದರೆ ದೋಷ ಪ್ಲೇಟಿನದ್ದಲ್ಲ. ಪೆಡಲಿನಿಂದ ಕ್ಲಚ್ ಕೂತಿರುವ ಹೌಸಿಂಗ್ ತನಕ ಇರುವ ಕೊಂಡಿಗಳದ್ದು, ಇಲ್ಲವೇ ಹಿಂದಿನ ಮಾಲೀಕರು ಯಾವಾಗಲೋ ತಿರುಗಿಸಿದ ನಟ್ಟಿನದ್ದು. ಮೆಕ್ಯಾನಿಕ್ ಮುಂದೆ ಸ್ಕೇಲ್ ಹಿಡಿದು ಇದನ್ನು ತೋರಿಸಿ. ಜಗಳ ಬೇಡ, ಅಳತೆ ಸಾಕು.

ಆ ಕೊಂಡಿಗಳನ್ನು ನೋಡಲು ಒಬ್ಬರನ್ನು ಸೀಟಿನ ಮೇಲೆ ಕೂರಿಸಿ ಪೆಡಲ್ ನಿಧಾನ ಒತ್ತಿಸಿ, ಬಿಡಿಸಿ. ನೀವು ಪಕ್ಕದಲ್ಲಿ ಕೂತು ನೋಡಿ. ಇಂಜಿನ್ ಆಫ್, ಕೀ ನಿಮ್ಮ ಜೇಬಲ್ಲಿ. ಪೆಡಲ್ ಅಲ್ಲಾಡಿದರೂ ರಾಡು ತಕ್ಷಣ ಅಲ್ಲಾಡದಿದ್ದರೆ ಅಲ್ಲಿನ ಪಿನ್ ಸವೆದಿದೆ. ಪಿನ್ ಹೊರಗೆ ತೆಗೆದು ನೋಡಿ, ನಡುವೆ ಸೊಂಟದಂತೆ ತೆಳುವಾಗಿರುತ್ತದೆ. ಪಿನ್ ಕೂರುವ ತೂತೂ ಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ. ಕಡಿಮೆ ಖರ್ಚಿನ ಪಿನ್, ಬುಶ್ ಬದಲಾಯಿಸಿದರೆ ಮುಗಿಯಿತು. ರಾಡು ಸರಿಯಾಗಿ ಓಡಿದರೂ ಹೌಸಿಂಗ್ ಒಳಗೆ ಹೋಗುವ ಅಡ್ಡ ಶಾಫ್ಟ್ ತಿರುಗದಿದ್ದರೆ, ರಾಡಿಗೆ ಕೂಡಿಸಿದ ಕ್ಲಚ್ ಲಿವರ್ ಆ ಶಾಫ್ಟ್ ಮೇಲೆ ಜಾರುತ್ತಿದೆ. ಅದನ್ನು ಶಾಫ್ಟಿಗೆ ಹಿಡಿದಿಡುವ ಕೀ (ಸಣ್ಣ ಲೋಹದ ತುಂಡು) ಅಥವಾ ಬೋಲ್ಟ್ ನೋಡಿ.

ಹೊಂದಿಸುವುದು ಕಷ್ಟವಲ್ಲ. ರಾಡಿನ ಲಾಕ್ ನಟ್ ಸಡಿಲಿಸಿ, ರಾಡನ್ನು ಎರಡು ಸುತ್ತು ತಿರುಗಿಸಿ, ಮತ್ತೆ ಅಳೆಯಿರಿ. ಪುಸ್ತಕದ ಅಳತೆ ಬಂದ ಕೂಡಲೇ ನಿಲ್ಲಿಸಿ, ಲಾಕ್ ನಟ್ ಬಿಗಿ ಮಾಡಿ. ಪಿಟಿಒ ಬೀಳಲಿ ಅಂತ ಆಟವನ್ನೇ ಪೂರ್ತಿ ತೆಗೆದುಬಿಡುವವರಿದ್ದಾರೆ. ಹಾಗೆ ಮಾಡಿದರೆ ರಿಲೀಸ್ ಬೇರಿಂಗ್ ಫಿಂಗರ್‌ಗಳಿಗೆ ಸದಾ ಒತ್ತಿಕೊಂಡೇ ತಿರುಗುತ್ತದೆ. ಬೇರಿಂಗ್ ಹೋಗುತ್ತದೆ, ಪ್ಲೇಟ್ ಜಾರಲು ಶುರುವಾಗುತ್ತದೆ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಖರ್ಚು ನಿಜವಾಗಿಯೂ ಬರುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ. ರೋಟಾವೇಟರ್ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಟ್ರ್ಯಾಕ್ಟರ್ ತುದಿಯಿಂದ ಬಿಚ್ಚಿ, ಪಕ್ಕಕ್ಕೆ ಕಟ್ಟಿಡಿ. ಗಾಡಿ ಸಮ ನೆಲದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್. ಪಿಟಿಒ ಶಾಫ್ಟಿನ ತುದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ, ತಿರುಗುವುದು ದೂರದಿಂದ ಕಾಣಲು. ಇಂಜಿನ್ ಆಫ್ ಇರುವಾಗಲೇ ಪಿಟಿಒ ಲಿವರ್ ಹಾಕಿ. ಯಂತ್ರ ಕೂಡಿಲ್ಲವಾದ್ದರಿಂದ ಈ ಪರೀಕ್ಷೆಗೆ ಮಾತ್ರ ಹೀಗೆ ಮಾಡಬಹುದು. ಕೆಲವು ಗಾಡಿಗಳಲ್ಲಿ ಪಿಟಿಒ ಲಿವರ್ ಹಾಕಿದ್ದರೆ ಇಂಜಿನ್ ಹತ್ತದಂತೆ ಸ್ವಿಚ್ ಇರುತ್ತದೆ, ಅದನ್ನು ಮೋಸ ಮಾಡಲು ಹೋಗಬೇಡಿ. ನೀವು ಸೀಟಿನಲ್ಲಿ, ಇನ್ನೊಬ್ಬರು ಪಕ್ಕದಿಂದ ಹತ್ತು ಹೆಜ್ಜೆ ದೂರದಲ್ಲಿ. ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲೇ ಇಡಿ.

ಗೆರೆ ನಿಂತಲ್ಲೇ ಇದ್ದರೆ ಪ್ಲೇಟ್ ಬಿಡುತ್ತಿದೆ, ನಿಮ್ಮ ಕೆಲಸ ಆಯಿತು. ನಿಧಾನ ತಿರುಗುತ್ತಿದ್ದರೆ ಗಾಬರಿ ಬೇಡ. ಎಣ್ಣೆಯ ಎಳೆತಕ್ಕೂ ಖಾಲಿ ಶಾಫ್ಟ್ ಸ್ವಲ್ಪ ತಿರುಗುತ್ತದೆ. ಹ್ಯಾಂಡ್ ಆಕ್ಸಿಲರೇಟರ್ ಸ್ವಲ್ಪ ಏರಿಸಿ ನೋಡಿ. ಇಂಜಿನ್ ಜೊತೆಗೇ ಶಾಫ್ಟೂ ಜೋರಾಗಿ ಏರಿದರೆ ಪ್ಲೇಟ್ ಬಿಟ್ಟಿಲ್ಲ ಎನ್ನುವುದು ಖಚಿತ. ಶಾಫ್ಟನ್ನು ಕೈಯಿಂದಲೋ ಕಟ್ಟಿಗೆಯಿಂದಲೋ ಹಿಡಿದು ನಿಲ್ಲಿಸಿ ನೋಡುವ ಚಟ ಕೆಲವರಿಗಿದೆ. ದಯವಿಟ್ಟು ಬೇಡ.

ಆಟ ಸರಿ ಇದ್ದೂ, ಕೊಂಡಿಗಳು ಸರಿ ಇದ್ದೂ ಶಾಫ್ಟ್ ನಿಲ್ಲದಿದ್ದರೆ ನನ್ನ ಅನುಮಾನ ನೀವು ಬರೆದ ಇನ್ನೊಂದು ಮಾತಿನ ಮೇಲೆ ಹೋಗುತ್ತದೆ. ಇಷ್ಟು ದಿನ ಟ್ರೈಲರ್ ಮಾತ್ರ ಎಳೆದಿದ್ದೀರಿ. ಗೇರ್ ಬದಲಾಯಿಸಲು ಅರ್ಧ ಪೆಡಲ್ ಸಾಕು, ಹಾಗಾಗಿ ಯಾರೂ ಪೂರ್ತಿ ಒತ್ತುವುದಿಲ್ಲ. ಅಂದರೆ ಪಿಟಿಒ ಪ್ಲೇಟ್ ತಿಂಗಳುಗಟ್ಟಲೆ ಬಿಡದೆ ಒತ್ತಿಕೊಂಡೇ ಕೂತಿದೆ. ಮೊದಲ ಮಳೆಯ ತೇವ ಬಡಿದರೆ ಪ್ಲೇಟ್ ಒತ್ತಿಕೊಂಡಿರುವ ಬೀಡಿನ (ಎರಕದ ಕಬ್ಬಿಣದ) ಮುಖಕ್ಕೆ ತೆಳು ತುಕ್ಕು ಬಂದು, ಪ್ಲೇಟ್ ಮೇಲಿನ ಲೈನಿಂಗ್ ಅದಕ್ಕೆ ಕಚ್ಚಿಕೊಳ್ಳುತ್ತದೆ. ಹೀಗೆ ಹಿಡಿದ ಪ್ಲೇಟ್ ಅನೇಕ ಸಲ ಬಿಚ್ಚದೆಯೇ ಬಿಡುತ್ತದೆ. ಆದರೆ ಬಿಡಿಸುವ ಕೆಲಸವನ್ನು ಅನುಭವಿ ಮೆಕ್ಯಾನಿಕ್ ಪಕ್ಕದಲ್ಲಿದ್ದಾಗ ಮಾತ್ರ ಮಾಡಿ. ಸುತ್ತ ಯಾರೂ ಇಲ್ಲದ ಬಯಲು ಹೊಲದಲ್ಲಿ ರೋಟಾವೇಟರ್ ಕೂಡಿಸಿ, ಸ್ವಲ್ಪ ಹೊತ್ತು ಮಣ್ಣಲ್ಲಿ ಓಡಿಸಿ ಕ್ಲಚ್ ಬಿಸಿಯಾದ ಮೇಲೆ, ಬ್ಲೇಡು ಮಣ್ಣಲ್ಲಿರುವಾಗಲೇ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾರೆ. ಮಣ್ಣಿನ ತಡೆಗೆ ಪ್ಲೇಟ್ ಒಂದು ಸಲ ಕಳಚಿಕೊಳ್ಳುತ್ತದೆ. ಕಳಚದಿದ್ದರೆ ತಿರುಗುವ ಬ್ಲೇಡು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಅದಕ್ಕೆ ಇಂಜಿನ್ ನಿಲ್ಲಿಸುವ ನಾಬ್ ಮೇಲೆ ಕೈ ಇರಬೇಕು, ಮುಂದೆ ಜಾಗ ಇರಬೇಕು. ಎರಡು ಮೂರು ಸಲ ಮಾಡಿದರೂ ಬಿಡದಿದ್ದರೆ ಸಾಕು ಮಾಡಿ.

ಅದಕ್ಕೂ ಮೊದಲು ಇನ್ನೊಂದನ್ನು ಕೇಳಿ ನೋಡಿ. ಅನೇಕ ಡ್ಯುಯಲ್ ಕ್ಲಚ್‌ಗಳಲ್ಲಿ ಪಿಟಿಒ ಭಾಗಕ್ಕೇ ಬೇರೆ ಹೊಂದಿಸುವ ಬೋಲ್ಟುಗಳು ಇರುತ್ತವೆ. ಗೇರಿನ ಪ್ಲೇಟ್ ಸವೆದಂತೆ ಈ ಎರಡನೇ ಹಂತದ ಅಂತರ ಬದಲಾಗುತ್ತದೆ. ಹೌಸಿಂಗ್ ಪಕ್ಕದ ಸಣ್ಣ ಮುಚ್ಚಳ ತೆಗೆದರೆ ಕೆಲವು ಮಾದರಿಗಳಲ್ಲಿ ಅವು ಕೈಗೆ ಸಿಗುತ್ತವೆ. ಫ್ಲೈವೀಲ್ ತಿರುಗಿಸುತ್ತಾ ಒಂದೊಂದನ್ನೇ ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ಸಮ ಮಾಡಬೇಕು. ಕಣ್ಣಳತೆಯಲ್ಲಿ ಮಾಡಿದರೆ ಪ್ಲೇಟ್ ಓರೆಯಾಗಿ ಬಿಡುತ್ತದೆ, ತೊಂದರೆ ಇನ್ನೂ ಹೆಚ್ಚು. ಅಂತರ ಎಷ್ಟಿರಬೇಕು ಅಂತ ಗೊತ್ತಿಲ್ಲದವರ ಕೈಗೆ ಇದನ್ನು ಕೊಡಬೇಡಿ.

ಕೊನೆಗೆ ಗಾಡಿ ಎರಡು ಭಾಗ ಮಾಡಲೇಬೇಕಾಗಿ ಬಂದರೆ ಮಾಡಿಸಿ. ಆದರೆ ನೀವೂ ನಿಂತು ನೋಡಿ. ತೆಗೆದ ಪ್ಲೇಟ್‌ಗಳನ್ನು ಕೈಗೆ ತಗೊಳ್ಳಿ. ರಿವೆಟ್ ತಲೆ ಲೈನಿಂಗ್‌ನಿಂದ ಎಷ್ಟು ಒಳಗಿದೆ ನೋಡಿ. ಲೈನಿಂಗ್ ಮೇಲೆ ಎಣ್ಣೆ ಹರಡಿದ್ದರೆ ಪ್ಲೇಟ್ ಬದಲಾಯಿಸಿದರಷ್ಟೇ ಸಾಲದು, ಎಣ್ಣೆ ಬಂದ ಸೀಲ್ ಬದಲಾಯಿಸಬೇಕು. ಇಂಜಿನ್ ಕಡೆಯದೋ ಗೇರ್ ಬಾಕ್ಸ್ ಕಡೆಯದೋ ಅಂತ ಎಣ್ಣೆಯ ಬಣ್ಣವೇ ಹೇಳುತ್ತದೆ: ಇಂಜಿನ್ ಎಣ್ಣೆ ಕಪ್ಪು. ರಿಲೀಸ್ ಬೇರಿಂಗ್, ಫ್ಲೈವೀಲ್‌ನ ಮಧ್ಯದಲ್ಲಿ ಕೂರುವ ಪೈಲಟ್ ಬೇರಿಂಗ್ ಎರಡನ್ನೂ ಆಗಲೇ ಹೊಸದು ಹಾಕಿಸಿ. ಆ ಎರಡು ಬೇರಿಂಗಿಗೆ ಅಂತ ಮತ್ತೊಮ್ಮೆ ಬಿಚ್ಚುವ ಕೂಲಿ ಅವುಗಳ ಬೆಲೆಗಿಂತ ಎಷ್ಟೋ ಜಾಸ್ತಿ.

ರೋಟಾವೇಟರ್ ಕಡೆಯಿಂದಲೂ ಲಿವರ್‌ಗೆ ತೊಂದರೆ ಬರಬಹುದು ಎನ್ನುವುದನ್ನು ಮರೆಯಬೇಡಿ. ರೋಟಾವೇಟರ್ ನೆಲದ ಮೇಲೆ ಭಾರ ಬಿಟ್ಟು ಕೂತಿದ್ದರೆ ಬ್ಲೇಡುಗಳು ಮಣ್ಣಿಗೆ ಕಚ್ಚಿ ಶಾಫ್ಟಿಗೆ ತಿರುಚು ಬಿದ್ದಿರುತ್ತದೆ. ಸ್ವಲ್ಪ ಎತ್ತಿ, ತಿರುಚು ಬಿಡಿಸಿ, ಆಮೇಲೆ ಲಿವರ್ ಹಾಕಿ. ಪ್ರೊಪೆಲ್ಲರ್ ಶಾಫ್ಟ್ ಉದ್ದ ಜಾಸ್ತಿ ಇದ್ದರೂ ಹೀಗೆ. ಬೇರೆ ಟ್ರ್ಯಾಕ್ಟರ್‌ಗೆ ಹೊಂದಿಸಿದ್ದ ಶಾಫ್ಟನ್ನು ಹಾಗೇ ತಂದು ಹಾಕಿದಾಗ, ಲಿಫ್ಟ್ ಎತ್ತಿದರೆ ಒಳಪೈಪು ಹೊರಪೈಪಿನ ತಳಕ್ಕೆ ತಾಗಿ ಪಿಟಿಒ ಶಾಫ್ಟನ್ನೇ ಒಳಕ್ಕೆ ಒತ್ತುತ್ತದೆ. ಆಗ ಬೇರಿಂಗ್, ಸೀಲ್ ಎರಡೂ ಹಾಳು. ಎತ್ತಿ ಇಳಿಸಿ ಯಾವ ಎತ್ತರದಲ್ಲೂ ತಳ ಮುಟ್ಟಬಾರದು, ಕೆಲಸ ಮಾಡುವಾಗ ಪೈಪುಗಳು ಒಂದರೊಳಗೊಂದು ಕನಿಷ್ಠ ಮೂರರಲ್ಲೊಂದು ಭಾಗ ಕೂತಿರಬೇಕು. ಎತ್ತಿದ ರೋಟಾವೇಟರ್ ಕೆಳಗೆ ಹೋಗಿ ನೋಡುವುದಾದರೆ ಮರದ ದಿಮ್ಮಿ ಕೊಟ್ಟು ಹೋಗಿ. ಹೈಡ್ರಾಲಿಕ್ ನಂಬಬೇಡಿ.

ಇದೇ ದೂರು ಬೇರೆ ರೂಪದಲ್ಲಿ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ನಾಲ್ಕು ಮಾತು. ಲಿವರ್ ಬಿದ್ದರೂ ಶಾಫ್ಟ್ ತಿರುಗದಿದ್ದರೆ ಮೊದಲು ಲಿವರ್ ಯಾವ ಜಾಗದಲ್ಲಿದೆ ನೋಡಿ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ನ್ಯೂಟ್ರಲ್‌ನ ಒಂದು ಪಕ್ಕ 540, ಇನ್ನೊಂದು ಪಕ್ಕ ಚಕ್ರದ ವೇಗಕ್ಕೆ ತಿರುಗುವ ಪಿಟಿಒ. ಲಿವರ್ ಆ ಕಡೆ ಬಿದ್ದಿದ್ದರೆ ಗಾಡಿ ಮುಂದೆ ಹೋದಾಗ ಮಾತ್ರ ಶಾಫ್ಟ್ ತಿರುಗುತ್ತದೆ, ನಿಂತಲ್ಲಿ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ತಿರುಗಲ್ಲ. ಲಿವರ್ ಸರಿ ಇದ್ದರೆ ಶಾಫ್ಟ್ ನಿಜವಾಗಿಯೂ ನಿಂತಿದೆಯೇ, ಇಲ್ಲ ಶಾಫ್ಟ್ ತಿರುಗಿ ರೋಟಾವೇಟರ್ ಮಾತ್ರ ನಿಂತಿದೆಯೇ ನೋಡಿ. ಎರಡನೆಯದಾದರೆ, ಭಾರ ಮಿತಿಮೀರಿದಾಗ ತಾನು ಮುರಿದು ಗೇರ್ ಬಾಕ್ಸ್ ಉಳಿಸುವ ಶಿಯರ್ ಬೋಲ್ಟ್ ತುಂಡಾಗಿದೆ. ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಬೇಡಿ. ಮುಂದಿನ ಕಲ್ಲಿಗೆ ಬೋಲ್ಟ್ ಬದಲು ಗೇರ್ ಬಾಕ್ಸ್ ತುಂಡಾಗುತ್ತದೆ. ಲಿವರ್ ತುಂಬಾ ಸಡಿಲವಾಗಿ ಅತ್ತಿತ್ತ ಆಡಿದರೆ ಹೊರಗಿನ ರಾಡಿನ ಸ್ಪ್ಲಿಟ್ ಪಿನ್ ಬಿದ್ದುಹೋಗಿದೆ. ಕೆಲಸದ ನಡುವೆ ಲಿವರ್ ತಾನೇ ನ್ಯೂಟ್ರಲ್‌ಗೆ ಹಾರಿದರೆ ಅದನ್ನು ಹಿಡಿದಿಡುವ ಗುಂಡು, ಸ್ಪ್ರಿಂಗ್ ದಣಿದಿವೆ, ಇಲ್ಲವೇ ಹಲ್ಲಿನ ಅಂಚು ಉರುಟಾಗಿದೆ. ಲಿವರ್‌ಗೆ ಹಗ್ಗ ಕಟ್ಟಿ ಎಳೆದಿಡುವುದು ಪರಿಹಾರ ಅಲ್ಲ, ಆ ಹಗ್ಗಕ್ಕೆ ಫೋರ್ಕ್ ಬಲಿಯಾಗುತ್ತದೆ.

ಸಿಂಗಲ್ ಕ್ಲಚ್ ಗಾಡಿ ಇದ್ದವರಿಗೆ ಲೆಕ್ಕ ಇನ್ನೂ ಸುಲಭ. ಒಂದೇ ಪ್ಲೇಟ್ ಗೇರಿಗೂ ಪಿಟಿಒಗೂ ದುಡಿಯುವುದರಿಂದ, ಗಾಡಿ ಭಾರ ಎಳೆಯುತ್ತಿದ್ದು ಪಿಟಿಒ ಮಾತ್ರ ತಿರುಗದಿದ್ದರೆ ಕ್ಲಚ್ ನಿರಪರಾಧಿ. ಡ್ಯುಯಲ್‌ನಲ್ಲಿ ಈ ವಾದ ನಡೆಯುವುದಿಲ್ಲ. ಬಟನ್ ಒತ್ತಿದರೆ ಇಲ್ಲವೇ ಸಣ್ಣ ಲಿವರ್ ಎಳೆದರೆ ಹೈಡ್ರಾಲಿಕ್‌ನಿಂದ ಕೂಡುವ ಹೊಸ ಗಾಡಿಗಳಲ್ಲಿ ನೋಡಬೇಕಾದ್ದು ಫ್ಯೂಸ್, ಸೀಟಿನ ಸ್ವಿಚ್, ಸೊಲೆನಾಯ್ಡ್ ವೈರು, ಎಣ್ಣೆಯ ಮಟ್ಟ, ಫಿಲ್ಟರ್. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅಂಥ ಗಾಡಿಗೆ ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ, ಗೇರ್ ಆಯಿಲ್ ಎಲ್ಲ ಒಂದೇ ಅಂದುಕೊಂಡು ಸುರಿಯಬೇಡಿ. ಒಳಗಿನ ಪ್ಲೇಟ್‌ಗಳು ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುತ್ತವೆ, ತಪ್ಪು ಎಣ್ಣೆಯಲ್ಲಿ ಜಾರುತ್ತವೆ.

ಮತ್ತೆ ನಿಮ್ಮ ಗಾಡಿಗೆ ಬರೋಣ. ಸರಿಯಾದ ಮೇಲೆ ಲಿವರ್ ಹಾಕುವ ಕ್ರಮ ಹೀಗಿರಲಿ: ಇಂಜಿನ್ ಐಡ್ಲಿಂಗ್‌ಗೆ ಇಳಿಸಿ, ಪೆಡಲ್ ನೆಲಕ್ಕೆ ಒತ್ತಿ, ಮೂರು ನಾಲ್ಕು ಸೆಕೆಂಡ್ ತಡೆದು ಲಿವರ್ ಹಾಕಿ, ಪೆಡಲನ್ನು ನಿಧಾನ ಬಿಡಿ. ರೋಟಾವೇಟರ್ ತಿರುಗಲು ಶುರುವಾದ ಮೇಲೆ ಆಕ್ಸಿಲರೇಟರ್ ಏರಿಸಿ. 540 ಸುತ್ತು ಯಾವ ಇಂಜಿನ್ ವೇಗಕ್ಕೆ ಬರುತ್ತದೆ ಅಂತ ಮೀಟರಿನಲ್ಲಿ ಗುರುತು ಇರುತ್ತದೆ, ಬಹಳಷ್ಟು ಗಾಡಿಗಳಲ್ಲಿ ಅದು 1,500 ರಿಂದ 2,000ದ ಒಳಗೆ. ಇನ್ನು ಬೇಸಿಗೆಯಲ್ಲಿ ಟ್ರೈಲರ್ ಓಡಿಸುವಾಗಲೂ ದಿನಕ್ಕೆ ಒಂದೆರಡು ಸಲ ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಡಲ್ ಒತ್ತಿದ ಸ್ಥಿತಿಯಲ್ಲೇ ಹಿಡಿದಿಡಲು ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಕೊಕ್ಕೆ ಇರುತ್ತದೆ, ಇಲ್ಲದಿದ್ದರೆ ಮರದ ತುಂಡು ಕೊಡಬಹುದು.

ಮ್ಯಾಟ್, ಖಾಲಿ ಆಟ, ಪಿನ್ನುಗಳು, ಸೀಮೆಸುಣ್ಣದ ಪರೀಕ್ಷೆ ಇಷ್ಟನ್ನೂ ನೀವೇ ಅರ್ಧ ದಿನದಲ್ಲಿ ಮುಗಿಸಬಹುದು. ಅಷ್ಟರಲ್ಲಿ ಹದ ಆರಿಹೋಗುವ ಭಯ ಇದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ರೋಟಾವೇಟರ್ ಸಮೇತ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದಾ ಅಂತ ವಿಚಾರಿಸಿ, ಆ ಹೊಲ ಮುಗಿಸಿಕೊಳ್ಳಿ. ಮತ್ತೆ ಬರೆಯುವುದಿದ್ದರೆ ಗಾಡಿಯ ಮಾದರಿ, ಮೀಟರಿನಲ್ಲಿ ಎಷ್ಟು ಗಂಟೆ ಓಡಿದೆ, ಖಾಲಿ ಆಟ ಎಷ್ಟು ಮಿಲಿಮೀಟರ್ ಬಂತು, ಪೆಡಲ್ ಪೂರ್ತಿ ಒತ್ತಿದಾಗ ಗೆರೆ ನಿಂತಿತೋ ಇಲ್ಲವೋ, ಈ ನಾಲ್ಕನ್ನು ತಪ್ಪದೆ ಬರೆಯಿರಿ.